ಹದಿನೇಳು ಸೆಕೆಂಡಿನ ಡಿಸ್ಕ್

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ರೈಸ್ ಮಿಲ್ಲಿದೆ. ಅದರ ಗೇಟಿನ ಕಂಬಕ್ಕೆ ಲಾರಿಗಳ ಬರುಹೋಗು ನೋಡಲೆಂದು ಕ್ಯಾಮೆರಾ ಹಾಕಿದ್ದಾರೆ. ಗೇಟಿನಾಚೆಯ ರಸ್ತೆಯೂ ಒಂದಿಷ್ಟು ಅದರ ಕಣ್ಣಿಗೆ ಬೀಳುತ್ತದೆ. ಅಷ್ಟೇ ಅಷ್ಟು ರಸ್ತೆಯಲ್ಲಿ ಒಂದು ಸಂಜೆ ಒಬ್ಬ ಹೆಂಗಸು ಸ್ಕೂಟರಿನಿಂದ ಬಿದ್ದು ತೀರಿಕೊಂಡರು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದವರು. ಶಿಫ್ಟ್ ಮುಗಿಸಿ ಊರಿಗೆ ಹಿಂತಿರುಗುತ್ತಿದ್ದರು. ಪೊಲೀಸರು ಮೊದಲು ಬರೆದುಕೊಂಡಿದ್ದು 'ಸ್ವಯಂ ಅಪಘಾತ' ಎಂದು. ಅಂದರೆ ಯಾರೂ ಗುದ್ದಲಿಲ್ಲ, ಆಯ ತಪ್ಪಿ ತಾವೇ ಬಿದ್ದರು ಎಂದು.

ಇದಕ್ಕೆ ನಾನು ಸಿಕ್ಕಿಕೊಂಡಿದ್ದು ಅವರು ಹೋಗಿ ಹದಿನೆಂಟನೇ ದಿನಕ್ಕೆ. ನಂಜನಗೂಡಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಿಗ್ಗೆ ನಮ್ಮೂರು ಕಳಲೆಯಿಂದ ಬಂದು ಶಟರ್ ಎತ್ತುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬೈಕಿನ ಮೇಲೇ ಕೂತು ಕಾಯುತ್ತಿದ್ದರು. ನಮ್ಮ ಕಡೆ ಅವರನ್ನು ಈಗಲೂ ದಫೇದಾರರು ಎಂದೇ ಕರೆಯುವುದು.

"ನಿಮ್ದೇ ಅಲ್ವೇನ್ರೀ ಅಂಗ್ಡಿ? ವಸಿ ಬನ್ನಿ, ಒಂದು ಸೀಡಿ ಮಾಡ್ಕೊಡ್ಬೇಕು. ಅರ್ಧ ಗಂಟೆ ಕೆಲ್ಸ ಅಷ್ಟೇಯ," ಎಂದರು.

ಸೀಡಿ ಕೇಳಿಕೊಂಡು ಯಾರೂ ಬಾರದೆ ವರ್ಷಗಳೇ ಆಗಿದ್ದವು. ಕೋರ್ಟಿಗೆ ಮಾತ್ರ ಅದು ಈಗಲೂ ಬೇಕು, ಅದಕ್ಕೇ ಒಂದು ಡಬ್ಬ ಖಾಲಿ ಡಿಸ್ಕ್ ಇಟ್ಟಿದ್ದೆ. ಅದರಲ್ಲಿ ನಾಲ್ಕೈದು ತೆಗೆದು ಚೀಲಕ್ಕೆ ಹಾಕಿಕೊಂಡು ಅವರ ಹಿಂದೆ ಹತ್ತಿದೆ. ದಾರಿಯಲ್ಲಿ ವಿಷಯ ತಿಳಿಯಿತು. ಸತ್ತವರ ಗಂಡ ತಿ. ನರಸೀಪುರದ ಹೋಟೆಲೊಂದರಲ್ಲಿ ದೋಸೆ ಹಾಕುವವರು. ತಿಥಿ ಮುಗಿದ ಮಾರನೇ ದಿನದಿಂದ ಆ ರಸ್ತೆಯ ಅಂಗಡಿ ಅಂಗಡಿಗೂ ಹೋಗಿ ಕ್ಯಾಮೆರಾ ಇದೆಯೇ ಎಂದು ಕೇಳಿದ್ದಾರೆ. ಕೊನೆಗೆ ಮಿಲ್ಲಿನ ಗುಮಾಸ್ತರೊಬ್ಬರು ಮರುಕಪಟ್ಟು, ಹಿಂದಿನಿಂದ ಟಿಪ್ಪರ್ ತಗುಲಿದ್ದು ನಮ್ಮ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದು ಬಾಯಿ ಬಿಟ್ಟಿದ್ದಾರೆ. ಗಂಡ ಸ್ಟೇಷನ್ನಿನ ಮುಂದೆ ಮೂರು ದಿನ ನಿಂತು ಅರ್ಜಿ ಕೊಟ್ಟಮೇಲೆ ಮಿಲ್ಲಿಗೆ ನೋಟೀಸು ಹೋಗಿದೆ: ಸದರಿ ದೃಶ್ಯವನ್ನು ಸಿ.ಡಿ.ಯಲ್ಲಿ ಒದಗಿಸತಕ್ಕದ್ದು.

ಮಿಲ್ಲಿನ ಗೇಟಿನ ಬಳಿ ಆ ಗಂಡನೇ ನಿಂತಿದ್ದರು. ಐವತ್ತರ ಆಸುಪಾಸು, ಮುಂಗೈ ತುಂಬ ಎಣ್ಣೆ ಸಿಡಿದ ಹಳೆಯ ಕಲೆಗಳು. ನನ್ನ ಚೀಲ ನೋಡಿ ಹತ್ತಿರ ಬಂದರು.

"ಸಾ, ಎಂಗಾದ್ರೂ ಮಾಡ್ಕೊಡಿ ಸಾ. ನನ್ ಎಂಡ್ರುಗೆ ಗಾಡಿ ಓಡ್ಸಕ್ಕೆ ಬರ್ತಿರ್ನಿಲ್ಲ, ಅದ್ಕೇ ಬಿದ್ಲು ಅಂತ ಬರ್ದವ್ರೆ. ಅವ್ಳಿಗೆ ಗಾಡಿ ಕಲ್ಸಿದ್ದು ನಾನೇ ಸಾ."

ಮಿಲ್ಲಿನ ಒಳಕ್ಕೆ ಅವರನ್ನು ಬಿಡಬಾರದೆಂದು ಮಾಲೀಕರಾದ ಸಾಹುಕಾರರ ಅಪ್ಪಣೆಯಾಗಿತ್ತು. ನಾವಿಬ್ಬರೇ ಒಳಗೆ ಹೋದೆವು.

ಆಫೀಸು ಕೋಣೆಯ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಕ್ಯಾಮೆರಾಗಳ ಕಂಪ್ಯೂಟರ್ ಇತ್ತು. ಮೇಲೆಲ್ಲ ತೌಡಿನ ಪುಡಿ. ಎಂಟು ಕ್ಯಾಮೆರಾಗಳ ರೆಕಾರ್ಡಿಂಗನ್ನು ಇಪ್ಪತ್ತೊಂದು ದಿನ ಇಟ್ಟುಕೊಂಡು, ಆಮೇಲೆ ಹಳೆಯ ದಿನವನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯುವ ವ್ಯವಸ್ಥೆ. ಕ್ಯಾಲೆಂಡರ್ ತೆರೆದರೆ ರೆಕಾರ್ಡಿಂಗ್ ಇರುವ ದಿನಗಳು ಹಸಿರಾಗಿ ಕಾಣುತ್ತಿದ್ದವು. ನಮಗೆ ಬೇಕಾದ ದಿನ ಎಡತುದಿಯಿಂದ ನಾಲ್ಕನೆಯದು. ದಿನಕ್ಕೊಂದು ಹಸಿರು ಚೌಕ ಹೋಗುತ್ತದೆ. ಅಂದರೆ ನಮಗಿದ್ದದ್ದು ಅಂದು ಬಿಟ್ಟು ಇನ್ನು ಎರಡು ದಿನ, ಅದರ ಮಾರನೆಯ ದಿನ ಯಾವ ಹೊತ್ತಿನಲ್ಲಾದರೂ ಅಳಿಸಿಹೋಗಬಹುದು.

ಗುಮಾಸ್ತರು ಆ ಸಂಜೆಯ ಆರೂವರೆ ಗಂಟೆಗೆ ತಂದು ನಿಲ್ಲಿಸಿಕೊಟ್ಟರು. ಹದಿನೇಳು ಸೆಕೆಂಡಿನ ದೃಶ್ಯ. ಒಮ್ಮೆ ನೋಡಿ ಕೆಲಸ ಶುರುಮಾಡಿದೆ.

ಕ್ಯಾಮೆರಾದ ತಂತ್ರಾಂಶದಲ್ಲೇ ಡಿಸ್ಕಿಗೆ ಬರೆಯುವ ಗುಂಡಿ ಇತ್ತು. ಒತ್ತಿದರೆ, ಬರೆಯುವ ಡ್ರೈವ್ ಇಲ್ಲ ಎಂದಿತು. ಡ್ರೈವ್ ಕಣ್ಣೆದುರಿಗೇ ಇದೆ, ತಟ್ಟೆ ಹೊರಗೆ ಬಂದು ಒಳಗೆ ಹೋಗುತ್ತಿದೆ. ನನ್ನ ಬಳಿಯಿದ್ದ ಹಳೆಯ ಡಿಸ್ಕೊಂದನ್ನು ಹಾಕಿದೆ, ಓದಿತು. ಖಾಲಿ ಡಿಸ್ಕ್ ಬದಲಿಸಿದೆ, ಕಂಪನಿ ಬದಲಿಸಿದೆ, ಲೆನ್ಸ್ ಒರೆಸಿದೆ. ಅದೇ ಮಾತು. ಓದಲು ಬರುವ ಡ್ರೈವ್ ಬರೆಯಲು ಕಾಣಿಸುತ್ತಿಲ್ಲ ಎಂದರೆ ತೊಂದರೆ ಯಂತ್ರದಲ್ಲಿಲ್ಲ ಎಂದು ಆಗಲೇ ಅನ್ನಿಸಿತ್ತು. ಡಿಸ್ಕ್ ಬರೆಯುವ ಕೆಲಸವನ್ನು ಕ್ಯಾಮೆರಾ ತಂತ್ರಾಂಶ ಇನ್ನೊಂದು ಚಿಕ್ಕ ತಂತ್ರಾಂಶಕ್ಕೆ ವಹಿಸಿತ್ತು. ಅದನ್ನು ಹುಡುಕಿ ನೇರವಾಗಿ ತೆರೆದಾಗ ನಿಜವಾದ ಕಾರಣ ಹೇಳಿತು: ಈ ಪ್ರೋಗ್ರಾಂ ನಡೆಸಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ.

"ಏನಂತೆ?" ಎಂದರು ದಫೇದಾರರು.

"ಈ ಕಂಪ್ಯೂಟರಿನ ಯಜಮಾನರು ಒಪ್ಪಬೇಕಂತೆ. ಪಾಸ್‌ವರ್ಡ್ ಬೇಕು."

ಗುಮಾಸ್ತರಿಗೆ ಗೊತ್ತಿದ್ದದ್ದು ದಿನಾ ಬಳಸುವ ಪಾಸ್‌ವರ್ಡ್ ಮಾತ್ರ. ಅದಕ್ಕೆ ನೋಡುವ ಹಕ್ಕಿತ್ತು, ಬರೆಯುವ ಹಕ್ಕಿರಲಿಲ್ಲ. ಪೆನ್‌ಡ್ರೈವ್ ಹಾಕಿದರೆ ನಿಷೇಧಿಸಲಾಗಿದೆ ಎಂದಿತು. ಇಂಟರ್ನೆಟ್ ಸಂಪರ್ಕವಿರಲಿಲ್ಲ. ವಿಂಡೋಸಿನದೇ ಆದ ಡಿಸ್ಕ್ ಬರೆಯುವ ಸೌಲಭ್ಯವನ್ನೂ ಯಾರೋ ಮುಚ್ಚಿಟ್ಟಿದ್ದರು. ಕ್ಯಾಮೆರಾ ಹಾಕಿದವನು ತನ್ನ ಕೆಲಸ ಬಲ್ಲವನು. ಮಿಲ್ಲಿನ ಆಳುಗಳು ಯಾರೂ ದೃಶ್ಯಗಳನ್ನು ಹೊರಗೆ ಒಯ್ಯಬಾರದೆಂದು ಎಲ್ಲ ಬಾಗಿಲಿಗೂ ಬೀಗ ಜಡಿದು ಹೋಗಿದ್ದ.

ಸಾಹುಕಾರರಿಗೆ ಫೋನ್ ಮಾಡಿದೆವು. "ಪಾಸ್‌ವರ್ಡು ನಂಗೇನ್ ಗೊತ್ತು? ಹಾಕ್ದೋನ್ನ ಕೇಳ್ಕಳಿ," ಎಂದರು.

"ಹಾಗಾದರೆ ಎರಡು ದಿನ ಈ ಕಂಪ್ಯೂಟರ್ ಆಫ್ ಮಾಡಿಡಿ ಸರ್. ಅಳಿಸಿಹೋಗುವುದಾದರೂ ನಿಲ್ಲುತ್ತದೆ," ಎಂದೆ.

"ಗೋದಾಮಲ್ಲಿ ಸರ್ಕಾರದ ಅಕ್ಕಿ ಅದೆ. ಕ್ಯಾಮೆರಾ ನಿಂತ್ರೆ ನನ್ ಲೈಸೆನ್ಸೇ ಓಯ್ತದೆ. ಅದೆಲ್ಲ ಆಗದಿಲ್ಲ."

ಪೂರ್ತಿ ಯಂತ್ರವನ್ನೇ ವಶಕ್ಕೆ ತೆಗೆದುಕೊಳ್ಳಿ ಎಂದು ದಫೇದಾರರಿಗೆ ಹೇಳಿದೆ. ಅವರು ನೋಟೀಸನ್ನು ಬಿಡಿಸಿ ತೋರಿಸಿದರು. "ಸಾಹೇಬ್ರು ಸೀಡಿ ಅಂತ ಬರ್ದವ್ರೆ ಕಣ್ರೀ. ಮಿಷಿನ್ ಅಂತ ಎಲ್ಲದೆ? ಎತ್ಕೊಂಡೋದ್ರೆ ನಾಳೆ ನನ್ ಮೇಲೆ ಬತ್ತದೆ."

ಅಂದು ಮಿಲ್ಲಿನಿಂದ ಹೊರಟಾಗ ಗಂಡ ಇನ್ನೂ ಗೇಟಿನ ಹತ್ತಿರವೇ ಇದ್ದರು. ನಾಳೆ ಆಗುತ್ತದೆ ಎಂದೆ. ಹಾಗೆ ಹೇಳಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ.

ಮರುದಿನವಿಡೀ ಕ್ಯಾಮೆರಾ ಹಾಕಿದವನನ್ನು ಹುಡುಕುವುದರಲ್ಲಿ ಹೋಯಿತು. ಬಿಲ್ಲಿನ ಮೇಲಿದ್ದ ನಂಬರು ಚಾಲ್ತಿಯಲ್ಲಿರಲಿಲ್ಲ. ಮೈಸೂರಿನ ವಿಳಾಸಕ್ಕೆ ಹೋದೆ, ಅಲ್ಲಿ ಈಗ ಚಪ್ಪಲಿ ಅಂಗಡಿ. ಪಕ್ಕದವರನ್ನು ವಿಚಾರಿಸಿ ವಿಚಾರಿಸಿ, ಅಲ್ಲಿ ಕೆಲಸಕ್ಕಿದ್ದ ತಂತ್ರಜ್ಞನೊಬ್ಬ ಕವಲಂದೆಯವನು, ಈಗ ನೀರಿನ ಫಿಲ್ಟರ್ ಮಾರುತ್ತಾನೆ ಎಂದು ತಿಳಿಯಿತು. ಮಧ್ಯಾಹ್ನ ಕವಲಂದೆಗೆ ಹೋಗಿ ಅವನನ್ನು ಹಿಡಿದೆ. ಒಳ್ಳೆಯ ಮನುಷ್ಯ. ತಲೆ ಕೆರೆದುಕೊಂಡು ಜ್ಞಾಪಿಸಿಕೊಂಡ.

"ಮಿಲ್ ಎಸ್ರು, ಆಮೇಲೆ ಸಾವ್ಕಾರ್ರ ಕಾರ್ ನಂಬರ್ ಆಕ್ತಿದ್ದೋ ಅನ್ಸತ್ತೆ ಸಾ. ಆವತ್ತಿನ್ ಕಾರು. ಈಗಿಂದಲ್ಲ."

ಸಂಜೆ ಮಿಲ್ಲಿಗೆ ಹೋದಾಗ, ಆವತ್ತಿನ ಕಾರಿನ ನಂಬರನ್ನು ಗುಮಾಸ್ತರು ಹಳೆಯ ಇನ್ಶೂರೆನ್ಸ್ ಕಾಗದದಲ್ಲಿ ಹುಡುಕಿ ಕೊಟ್ಟರು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಮಧ್ಯೆ ಚುಕ್ಕೆ, ಹಿಂದುಮುಂದು, ಎಲ್ಲ ಬಗೆಯಲ್ಲೂ ಹಾಕಿ ನೋಡಿದೆ. ಯಾವುದೂ ಆಗಲಿಲ್ಲ. ಐದು ಸಲ ತಪ್ಪಿದರೆ ಅರ್ಧ ಗಂಟೆ ಕಾಯಬೇಕಿತ್ತು. ಕಾಯುವಾಗ ಗುಮಾಸ್ತರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಾನೇಳ್ದೆ ಅನ್ಬೇಡಿ. ಆ ಟಿಪ್ಪರ್ರು ಸಾವ್ಕಾರ್ರ ಬಾಮೈದಂದು. ಪಾಸ್‌ವರ್ಡು ಗೊತ್ತಿದ್ರೂ ಕೊಡಾಕಿಲ್ಲ ಅವ್ರು."

ಮೊಬೈಲಿನಲ್ಲಿ ಪರದೆಯನ್ನೇ ವಿಡಿಯೋ ಮಾಡಿಕೊಂಡರೆ ಎಂದು ಅದನ್ನೂ ಮಾಡಿ ನೋಡಿದೆ. ಪರದೆಯ ಮೇಲೆ ಅಡ್ಡಗೆರೆಗಳು ಓಡುತ್ತಿದ್ದವು. ಮೂಲದಲ್ಲಿ ನಿಲ್ಲಿಸಿ ದೊಡ್ಡದು ಮಾಡಿದರೆ ಟಿಪ್ಪರಿನ ನಂಬರಿನ ಕೊನೆಯ ನಾಲ್ಕು ಅಂಕಿ ಓದಬಹುದು. ನನ್ನ ಮೊಬೈಲಿನ ವಿಡಿಯೋದಲ್ಲಿ ಅದು ಟಿಪ್ಪರೋ ಲಾರಿಯೋ ಎಂದೂ ಹೇಳುವಂತಿರಲಿಲ್ಲ. ಅದನ್ನು ಅಲ್ಲೇ ಅಳಿಸಿದೆ. ನಿಮ್ಮ ಮೊಬೈಲಿನಲ್ಲಿ ಬಂದದ್ದು ಎಲ್ಲಿಯದು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕ್ಯಾಲೆಂಡರ್ ತೆರೆದಾಗ ನಮ್ಮ ದಿನದ ಹಿಂದೆ ಒಂದೇ ಹಸಿರು ಚೌಕ ಉಳಿದಿತ್ತು.

ಉಳಿದ ದಾರಿ ನನಗೆ ಮೊದಲ ದಿನದಿಂದ ಗೊತ್ತಿತ್ತು. ರಿಪೇರಿಯವರಿಗೆಲ್ಲ ಗೊತ್ತಿರುವುದೇ. ಕಂಪ್ಯೂಟರನ್ನು ಅದರ ಸ್ವಂತ ವಿಂಡೋಸಿನಿಂದ ಎಬ್ಬಿಸದೆ, ಹೊರಗಿನ ಪೆನ್‌ಡ್ರೈವಿನಿಂದ ಎಬ್ಬಿಸಿದರೆ ಒಳಗಿನ ಯಾವ ಬೀಗವೂ ನಡೆಯುವುದಿಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಅಳಿಸಿ ಖಾಲಿ ಮಾಡಬಹುದು. ಪಾಸ್‌ವರ್ಡ್ ಮರೆತವರ ಕಂಪ್ಯೂಟರುಗಳನ್ನು ತಿಂಗಳಿಗೆ ನಾಲ್ಕಾದರೂ ಹೀಗೆ ತೆರೆದುಕೊಟ್ಟಿದ್ದೇನೆ. ಆದರೆ ಅಲ್ಲೆಲ್ಲ ಯಜಮಾನರೇ ಎದುರಿಗೆ ಕೂತಿರುತ್ತಾರೆ.

ದಫೇದಾರರಿಗೆ ಬಿಡಿಸಿ ಹೇಳಿದೆ. ಇದು ಒಡೆದು ಒಳಗೆ ಹೋದಂತೆ. ದೃಶ್ಯವನ್ನೇನೂ ಮುಟ್ಟುವುದಿಲ್ಲ, ಆದರೆ ಬೀಗ ಮುಟ್ಟಬೇಕಾಗುತ್ತದೆ. ಅವರು ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಗಂಡ ಅಲ್ಲಿ ಕಲ್ಲಿನ ಮೇಲೆ ಕೂತಿದ್ದರು.

"ಮಾಡ್ರೀ. ನೋಟೀಸದೆ, ನಾನಿವ್ನಿ. ಏನಾರ ಬಂದ್ರೆ ನಾನು ಏಳ್ತೀನಿ," ಎಂದರು.

ಗುಮಾಸ್ತರನ್ನೂ ಕೇಳಿದೆ. "ಏನಾರ ಮಾಡ್ಕಳಿ. ನಾನು ನೋಡ್ನಿಲ್ಲ," ಎಂದು ಎದ್ದು ತೂಕದ ಕಾಟಾದ ಕಡೆ ಹೋದರು.

ಇದ್ದ ಕಷ್ಟ ಇಷ್ಟು: ಬಿಟ್ಟರೆ ಆ ದೃಶ್ಯ ನಾಳೆ ಕಳೆದು ನಾಡಿದ್ದಿಗೆ ಇರುವುದಿಲ್ಲ. ಮಾಡಿದರೆ ಇರುತ್ತದೆ, ಆದರೆ ಮಾಡಿದವನು ನಾನಾಗಿರುತ್ತೇನೆ. ಮಾಡುವುದಾದರೆ ಮುಚ್ಚುಮರೆಯಿಲ್ಲದೆ ಮಾಡೋಣ ಎಂದುಕೊಂಡೆ. ಚೀಲದಿಂದ ನೋಟ್ ಪುಸ್ತಕ ತೆಗೆದು ಪ್ರತಿ ಹೆಜ್ಜೆಯನ್ನೂ ವೇಳೆಯ ಸಮೇತ ಬರೆಯತೊಡಗಿದೆ. ಕಂಪ್ಯೂಟರಿನ ಗಡಿಯಾರ ನನ್ನ ಮೊಬೈಲಿಗಿಂತ ಏಳು ನಿಮಿಷ ಮುಂದಿದೆ ಎಂಬುದು ಮೊದಲ ಸಾಲು.

ಈ ಕೆಲಸಕ್ಕೆ ಪೆನ್‌ಡ್ರೈವನ್ನು ಹಿಂಭಾಗದ ಜಾಗಕ್ಕೇ ಹಾಕಬೇಕಿತ್ತು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಡಬ್ಬವನ್ನು ಮೇಜಿನ ಕೆಳಗಿನಿಂದ ಎಳೆದೆ. ಮತ್ತೆ ವಿದ್ಯುತ್ ಕೊಟ್ಟಾಗ ಪರದೆಯ ಮೇಲೆ ಬಂದ ತಾರೀಕು ತಪ್ಪಾಗಿತ್ತು. ಎಷ್ಟೋ ವರ್ಷ ಹಿಂದಿನ ಜನವರಿ ಒಂದು. ಗಡಿಯಾರಕ್ಕೆ ಜೀವ ಕೊಡುವ ಒಳಗಿನ ಗುಂಡಿ ಬ್ಯಾಟರಿ ಸತ್ತುಹೋಗಿತ್ತು. ಯಾವಾಗಲೂ ಚಾಲೂ ಇರುತ್ತಿದ್ದ ಯಂತ್ರವಾದ್ದರಿಂದ ಯಾರಿಗೂ ಅದು ಗೊತ್ತಾಗಿರಲಿಲ್ಲ. ಹಾಗೇ ವಿಂಡೋಸ್ ತೆರೆಯಲು ಬಿಟ್ಟಿದ್ದರೆ ಕ್ಯಾಮೆರಾ ತಂತ್ರಾಂಶ ತಾರೀಕುಗಳನ್ನು ಕಲಸಿ, ನಮ್ಮ ದಿನವನ್ನೇ ಮೊದಲು ಅಳಿಸಿದರೂ ಅಳಿಸಬಹುದಿತ್ತು. ತೆರೆಯುವ ಮೊದಲೇ ತಡೆದು, ಮೊಬೈಲ್ ನೋಡಿಕೊಂಡು ತಾರೀಕು, ವೇಳೆ ಎರಡನ್ನೂ ಕೈಯಾರೆ ಸರಿಪಡಿಸಿದೆ. ಅದನ್ನೂ ಪುಸ್ತಕದಲ್ಲಿ ಬರೆದೆ.

ಪೆನ್‌ಡ್ರೈವಿನಿಂದ ಎಬ್ಬಿಸಿ ಪಾಸ್‌ವರ್ಡ್ ಖಾಲಿ ಮಾಡಲು ನಾಲ್ಕು ನಿಮಿಷ ಸಾಕಾಯಿತು. ಮತ್ತೆ ಶುರುಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಒಳಹೊಕ್ಕೆ. ಹಸಿರು ಚೌಕ ಇನ್ನೂ ಇತ್ತು. ಡಿಸ್ಕ್ ಬರೆಯುವ ತಂತ್ರಾಂಶ ಈಗ ಡ್ರೈವನ್ನು ಗುರುತಿಸಿತು. ಮೊದಲ ಡಿಸ್ಕ್ ಕೊನೆಯಲ್ಲಿ ತಾಳೆ ನೋಡುವಾಗ ತಪ್ಪು ತೋರಿಸಿತು. ಅದನ್ನು ಮುರಿದು ಹಾಕಿ, ವೇಗ ತಗ್ಗಿಸಿ ಇನ್ನೆರಡು ಬರೆದೆ. ಎರಡೂ ಸರಿಯಾದವು. ಮುಂದೆ ಏನನ್ನೂ ಸೇರಿಸಲಾಗದಂತೆ ಮುಚ್ಚಿದೆ. ದಫೇದಾರರ ಮುಂದೆ ಹಾಕಿ ತೋರಿಸಿದೆ. ಬಗ್ಗಿ ನೋಡಿದರು. "ಅಯ್ಯೋ ಪಾಪ," ಎಂದರು. ಒಂದು ಸ್ಟೇಷನ್ನಿಗೆ, ಒಂದು ಕೋರ್ಟಿಗೆ. ಎರಡನ್ನೂ ಲಕೋಟೆಯಲ್ಲಿಟ್ಟು ಸಹಿ ಮಾಡಿದೆವು. ನನ್ನ ಬಳಿ ಪ್ರತಿ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಳ್ಳಬಾರದು ಎಂಬುದು ನಿಯಮ.

ಗೇಟಿನಲ್ಲಿ ಗಂಡ ಎದ್ದು ನಿಂತರು. ಆಯಿತು ಎಂದು ಲಕೋಟೆ ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ.

"ನೀವು ನೋಡುದ್ರಾ ಸಾ?"

"ನೋಡಿದೆ."

"ಅವ್ಳು ಎಡಗಡೇಲೇ ಬತ್ತಿದ್ಲಾ?"

"ಎಡಗಡೆಯೇ. ಬಿಳಿ ಗೆರೆಯ ಆಚೆ, ಮಣ್ಣಿನ ಪಕ್ಕದಲ್ಲೇ ಬರುತ್ತಿದ್ದರು. ಹಿಂದಿನಿಂದ ಗುದ್ದಿದ್ದು."

ಅವರು ತಲೆ ಆಡಿಸಿದರು. ಉಳಿದದ್ದನ್ನು ನಾನು ಹೇಳಲಿಲ್ಲ. ಬಿದ್ದಮೇಲೆ ಆಕೆ ಮೊಳಕೈಯೂರಿ ಒಮ್ಮೆ ಏಳಲು ನೋಡಿದ್ದು, ಟಿಪ್ಪರಿನ ಕೆಂಪು ದೀಪ ಹತ್ತಿ ಅದು ಎರಡು ಸೆಕೆಂಡು ನಿಂತದ್ದು, ಆಮೇಲೆ ಹೊರಟುಹೋದದ್ದು, ಇದನ್ನೆಲ್ಲ ಕೋರ್ಟಿನಲ್ಲಿ ನೋಡುತ್ತಾರಲ್ಲ, ಆಗ ಗೊತ್ತಾಗಲಿ ಎಂದುಕೊಂಡೆ.

ಪರಿಹಾರದ ಅರ್ಜಿ ತಿ. ನರಸೀಪುರದ ಕೋರ್ಟಿನಲ್ಲಿ ವಿಚಾರಣೆಗೆ ಬರಲು ವರ್ಷದ ಮೇಲಾಯಿತು. ಎದುರು ಪಕ್ಷದಲ್ಲಿ, ದೃಶ್ಯದ ನಂಬರಿನಿಂದ ಪತ್ತೆಯಾದ ಟಿಪ್ಪರಿನವರು ಮತ್ತು ಅವರ ವಿಮಾ ಕಂಪನಿ. ಕಂಪ್ಯೂಟರಿನಿಂದ ತೆಗೆದ ಸಾಕ್ಷ್ಯಕ್ಕೆ ಆ ಕಂಪ್ಯೂಟರಿನ ಉಸ್ತುವಾರಿಯವರು ಒಂದು ಪ್ರಮಾಣಪತ್ರ ಕೊಡಬೇಕು. ಸಾಹುಕಾರರು ಕೊಡುವುದಿಲ್ಲ ಎಂದರು. ಕೊನೆಗೆ ನಾನೇ ಸಹಿ ಹಾಕಿದೆ. ಸಾಕ್ಷಿ ಹೇಳುವ ದಿನ ಕೋರ್ಟಿನ ಜಗಲಿಯಲ್ಲಿ ಗಂಡನ ಕಡೆಯ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು. ಜೊತೆಗೆ ಗಂಡನೂ ಇದ್ದರು, ಹೋಟೆಲಿಗೆ ರಜೆ ಹಾಕಿ ಬಂದಿದ್ದರು.

"ನೋಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಪಾಸ್‌ವರ್ಡ್ ವಿಷಯ ಬಂದರೆ ಗುಮಾಸ್ತರು ಕೊಟ್ಟರು ಅಂದುಬಿಡಿ. ಅವರನ್ನ ಯಾರೂ ಕರೆಸಲ್ಲ," ಎಂದರು ವಕೀಲರು.

"ಅವರು ಕೊಡಲಿಲ್ಲವಲ್ಲ ಸರ್."

"ಕೊಡಲಿಲ್ಲ ಅನ್ನೋದು ನಿಮಗೂ ನನಗೂ ಗೊತ್ತು. ದೃಶ್ಯ ನಿಜ ತಾನೇ? ಅಷ್ಟು ಸಾಕು."

ನನಗಿಂತ ಮೊದಲು ದಫೇದಾರರ ಸಾಕ್ಷಿ. ಅಷ್ಟರಲ್ಲಿ ಅವರಿಗೆ ಬೇರೆ ಸ್ಟೇಷನ್ನಿಗೆ ವರ್ಗವಾಗಿತ್ತು. ಡಿಸ್ಕ್ ಮಾಡುವಾಗ ನೀವು ಅಲ್ಲಿದ್ದಿರಾ ಎಂದು ಎದುರು ವಕೀಲರು ಕೇಳಿದರು. "ಕಂಪ್ಯೂಟರ್ ಕೆಲಸ ಮಾಡುವಾಗ ನಾನು ಕೋಣೆಯಲ್ಲಿ ಇರಲಿಲ್ಲ. ಟೀ ಕುಡಿಯಲು ಹೊರಗೆ ಹೋಗಿದ್ದೆ. ಮುಗಿದ ಮೇಲೆ ಲಕೋಟೆಗೆ ಸಹಿ ಮಾಡಿದೆ," ಎಂದರು. ಕಟಕಟೆಯಿಂದ ಇಳಿದು ನನ್ನ ಪಕ್ಕದಲ್ಲೇ ಹಾದು ಹೋದರು. ನನ್ನ ಮುಖ ನೋಡಲಿಲ್ಲ. ಸಾಹುಕಾರರು ಹಿಂದಿನ ವಾಯಿದೆಯಲ್ಲೇ ಬಂದು, ತಾವು ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದು ಹೇಳಿ ಹೋಗಿದ್ದರು.

ನಾನು ಹತ್ತಿದೆ. ನಮ್ಮ ವಕೀಲರು ಡಿಸ್ಕನ್ನು ಹಾಕಿ ತೋರಿಸಲು ಕೇಳಿದರು. ಎದುರಿನವರು ಎದ್ದು ಆಕ್ಷೇಪಿಸಿದರು. ಅದು ಸಾಕ್ಷ್ಯವಾಗಿ ನಿಲ್ಲುತ್ತದೆಯೇ ಎಂದು ತೀರ್ಮಾನವಾಗುವ ಮೊದಲು ನೋಡಬಾರದು ಎಂದರು. ನ್ಯಾಯಾಧೀಶರು ಮೊದಲು ಪಾಟೀ ಸವಾಲು ಮುಗಿಯಲಿ ಎಂದರು. ನನ್ನ ನೋಟ್ ಪುಸ್ತಕವನ್ನು ಪ್ರಮಾಣಪತ್ರದ ಜೊತೆ ನಾನೇ ಕೊಟ್ಟಿದ್ದೆ. ಎದುರು ವಕೀಲರು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ನೀವು ಆ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರೇ?"

"ಅಲ್ಲ."

"ಮಿಲ್ಲಿನ ನೌಕರರೇ?"

"ಅಲ್ಲ."

"ಡಿಸ್ಕ್ ಬರೆಯಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಎಂದು ಕಂಪ್ಯೂಟರೇ ನಿಮಗೆ ಹೇಳಿತ್ತು. ಹೌದೋ ಅಲ್ಲವೋ?"

"ಹೌದು."

"ಆ ಅನುಮತಿ ನಿಮಗೆ ಯಾರು ಕೊಟ್ಟರು?"

ಗುಮಾಸ್ತರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹಾಲ್‌ನ ಕೊನೆಯ ಬೆಂಚಿನಲ್ಲಿ ಗಂಡ ನನ್ನನ್ನೇ ನೋಡುತ್ತಿದ್ದರು. ಗುಮಾಸ್ತರು ಎಂದರೆ ಅವರು ಮಿಲ್ಲಿನ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಒಂದು. ನನ್ನ ಪುಸ್ತಕದಲ್ಲಿ ಹಾಗಿರಲಿಲ್ಲ ಎಂಬುದು ಇನ್ನೊಂದು. ಇವೆರಡಕ್ಕಿಂತ ಹೆಚ್ಚಾಗಿ, ನಿಜವಾದ ದೃಶ್ಯಕ್ಕೆ ಸುಳ್ಳಿನ ಊರುಗೋಲು ಯಾಕೆ ಬೇಕು ಎಂದು ನಾನು ಆಗ ನಂಬಿದ್ದೆ.

"ಯಾರೂ ಕೊಡಲಿಲ್ಲ. ಪಾಸ್‌ವರ್ಡನ್ನು ನಾನೇ ಅಳಿಸಿದೆ," ಎಂದೆ.

"ಗಡಿಯಾರ?"

"ಬ್ಯಾಟರಿ ಸತ್ತಿದ್ದರಿಂದ ಸರಿಪಡಿಸಿದೆ."

"ತಿದ್ದಿದಿರಿ ಅನ್ನಿ. ಮೊದಲು ಏಳು ನಿಮಿಷ ಮುಂದಿತ್ತು ಎಂದು ನೀವೇ ಬರೆದಿದ್ದೀರಿ. ಪೆನ್‌ಡ್ರೈವ್ ಹಾಕಿದಿರಿ, ತಾರೀಕು ತಿದ್ದಿದಿರಿ, ಒಂದು ಡಿಸ್ಕ್ ಮುರಿದಿರಿ. ಅದರಲ್ಲಿ ಏನಿತ್ತು?"

"ಅದೇ ದೃಶ್ಯ."

"ಅದನ್ನು ನಿಮ್ಮ ಹೊರತು ಹೇಳುವವರು ಯಾರಾದರೂ ಇದ್ದಾರೆಯೇ?"

ಇರಲಿಲ್ಲ. ಮಿಲ್ಲಿನ ಕಂಪ್ಯೂಟರಿನಲ್ಲಿ ಆ ದಿನದ ಮೇಲೆ ಎಷ್ಟೋ ದಿನಗಳು ಬರೆದುಹೋಗಿದ್ದವು. ಅರ್ಧ ಗಂಟೆ ನನ್ನನ್ನು ನಿಲ್ಲಿಸಿ ಕೇಳಿದರು. ಬೀಗದ ಬಗ್ಗೆ ಕೇಳಿದರು, ಗಡಿಯಾರದ ಬಗ್ಗೆ, ಲಕೋಟೆಯ ಬಗ್ಗೆ, ನನ್ನ ಓದಿನ ಬಗ್ಗೆ ಕೇಳಿದರು. ಆ ಹದಿನೇಳು ಸೆಕೆಂಡಿನಲ್ಲಿ ಏನಿತ್ತು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ವಕೀಲರು ಮುನಿಸಿಕೊಂಡು ಮರುಪ್ರಶ್ನೆಯಿಲ್ಲ ಎಂದುಬಿಟ್ಟರು.

ತೀರ್ಪು ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಡಿಸ್ಕನ್ನು ಪರಿಗಣಿಸಲು ಬರುವುದಿಲ್ಲ, ಟಿಪ್ಪರ್ ಗುದ್ದಿತೆಂಬುದು ಸಾಬೀತಾಗಿಲ್ಲ, ಅರ್ಜಿ ವಜಾ. ಲಕೋಟೆ ಕಡತದಲ್ಲೇ ಉಳಿಯಿತು. ಮೇಲಿನ ಕೋರ್ಟಿಗೆ ಹೋಗಬಹುದು ಎಂದು ವಕೀಲರು ಹೇಳಿದರಂತೆ, ಗಂಡ ಹೋಗಲಿಲ್ಲ. ಅಂದು ಜಗಲಿಯ ಮೆಟ್ಟಿಲ ಬಳಿ ನನಗೆ ಎದುರಾದರು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಒಂದೇ ಒಂದ್ ಮಾತು ಸಾ. ಗುಮಾಸ್ತ್ರು ಕೊಟ್ರು ಅಂದಿದ್ರೆ ಆಗೋಗದು," ಎಂದರು. ಬಸ್ಸಿಗೆ ಹೊತ್ತಾಯಿತೆಂದು ನಡೆದರು.

ನಾನು ಸರಿ ಮಾಡಿದೆ ಎಂದು ಹೇಳಿದವರು ಒಂದಿಬ್ಬರಿದ್ದಾರೆ. ಅವರಲ್ಲಿ ಯಾರೂ ಆ ಮೆಟ್ಟಿಲ ಬಳಿ ಇರಲಿಲ್ಲ. ದಫೇದಾರರಂತೆ ನಾನೂ ಟೀ ಕುಡಿಯಲು ಹೋಗಿದ್ದೆ ಎನ್ನುವಷ್ಟು ಜಾಣತನ ನನಗಿದ್ದಿದ್ದರೆ ಮೊದಲ ದಿನವೇ ಚೀಲ ಎತ್ತಿಕೊಂಡು ವಾಪಸು ಬರುತ್ತಿದ್ದೆ. ಪೊಲೀಸರ ಕಡೆಯಿಂದ ಬರುತ್ತಿದ್ದ ಸಣ್ಣಪುಟ್ಟ ಕೆಲಸ ಆಮೇಲೆ ನಿಂತುಹೋಯಿತು. ಅದಕ್ಕೆ ಬೇಸರವಿಲ್ಲ. ಮಿಲ್ಲಿನಿಂದ ಮಾತ್ರ ಒಮ್ಮೆ ಫೋನ್ ಬಂತು. ಹೊಸ ಕ್ಯಾಮೆರಾ ಹಾಕಿಸುತ್ತಿದ್ದೇವೆ, ನಿಮ್ಮ ಹಾಗೆ ಯಾರೂ ಒಳಗೆ ಬರದಂತೆ ಬಿಗಿ ಮಾಡುವುದು ಹೇಗೆ ಎಂದು ಸಾಹುಕಾರರು ನಗುತ್ತಲೇ ಕೇಳಿದರು. ನಾನು ಫೋನ್ ಇಟ್ಟೆ.

ಕಳೆದ ತಿಂಗಳು ಒಬ್ಬ ಹುಡುಗಿ ಅಂಗಡಿಗೆ ಬಂದಳು. ಕಾಲೇಜಿನ ಬ್ಯಾಗ್, ಕೈಯಲ್ಲಿ ಹೆಲ್ಮೆಟ್. ಗಿರಾಕಿ ಇರಬೇಕೆಂದು ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ.

"ಸರ್, ನಾನು ದೋಸೆ ಹಾಕ್ತಾರಲ್ಲ, ಅವ್ರ ಮಗಳು. ಡಿಗ್ರಿ ಮಾಡ್ತಿದೀನಿ. ಆ ವಿಡಿಯೋ ನಿಮ್ಮತ್ರ ಅದಾ?"

"ಇಲ್ಲಮ್ಮ. ಇಟ್ಟುಕೊಳ್ಳುವ ಹಾಗಿರಲಿಲ್ಲ."

"ನೀವು ನೋಡಿದೀ‌ರಲ್ವಾ?"

"ನೋಡಿದ್ದೇನೆ."

"ಅಪ್ಪ ಈಗ, ಅಮ್ಮ ತಾನೇ ಬಿದ್ದಿರ್ಬೇಕು ಅಂತಾರೆ ಸರ್. ನನ್ ಸಮಾಧಾನಕ್ಕೆ ಆ ಕಂಪ್ಯೂಟರ್‌ನೋರು ಹಿಂದಿಂದ ಗುದ್ದಿದ್ದು ಅಂತ ಅಂದಿರ್ಬೇಕು, ಕೋರ್ಟು ಸುಮ್ನೆ ಬರೀತದಾ ಅಂತಾರೆ. ನಾನು ಸರಿಯಾಗಿ ಕಲಿಸ್ನಿಲ್ಲ ಅಂತ ದಿನಾ ಅದೇ ಮಾತು. ಅಮ್ಮನ ಗಾಡಿ ನಾನು ಓಡಿಸ್ತೀನಿ ಅಂದ್ರೆ ಕೀ ಬಚ್ಚಿಡ್ತಾರೆ. ಈಗ್ಲೂ ಗೆಳತಿ ಗಾಡೀಲಿ ಬಂದೆ." ಹೆಲ್ಮೆಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಏನ್ ನೋಡಿದ್ರಿ ಅಂತ ಬರ್ಕೊಡಿ ಸರ್."

"ಬರೆದುಕೊಟ್ಟರೆ ಅದು ಎಲ್ಲೂ ನಡೆಯುವುದಿಲ್ಲಮ್ಮ."

"ಗೊತ್ತು ಸರ್. ಮನೇಲಿ ನಡೆದ್ರೆ ಸಾಕು."

ಲೆಟರ್‌ಹೆಡ್ ತೆಗೆದುಕೊಂಡೆ. ಟೈಪ್ ಮಾಡುವುದು ಬೇಡವೆನಿಸಿ ಪೆನ್ ಹಿಡಿದೆ. ಎಡಬದಿಯಲ್ಲಿ ಬರುತ್ತಿದ್ದದ್ದು, ಹಿಂದಿನಿಂದ ಟಿಪ್ಪರ್ ತಗುಲಿದ್ದು, ಗಾಡಿ ಮಣ್ಣಿಗೆ ಇಳಿದು ಬಿದ್ದದ್ದು, ಒಂದೊಂದೇ ಸಾಲು ಬರೆದೆ. ಮೊಳಕೈಯೂರಿದ ಸಾಲಿಗೆ ಬಂದಾಗ ಪೆನ್ ನಿಂತಿತು. ಅವಳು ಮೇಜಿನ ಮೇಲೆ ಬಗ್ಗಿ, ನಾನು ಬರೆದದ್ದನ್ನು ತಲೆಕೆಳಗಾಗಿಯೇ ಓದುತ್ತಿದ್ದಳು.

"ಎಲ್ಲಾನೂ ಬರೀರಿ ಸರ್," ಎಂದಳು.

ಎಲ್ಲವನ್ನೂ ಬರೆದೆ. ಕೆಳಗೆ ಸಹಿ ಹಾಕಿ, ಅಂಗಡಿಯ ಸೀಲು ಒತ್ತಿ ಕೊಟ್ಟೆ. ಅವಳು ನಿಂತಲ್ಲೇ ಎರಡು ಸಲ ಓದಿದಳು. ಎರಡನೆಯ ಸಲ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. ಅದರಲ್ಲಿ ಇದ್ದದ್ದು ಇಷ್ಟೇ: ಟಿಪ್ಪರಿನವನು ನಿಲ್ಲಿಸಿ, ಕನ್ನಡಿಯಲ್ಲಿ ನೋಡಲು ಸಾಕಾಗುವಷ್ಟು ಹೊತ್ತು ಇದ್ದು, ಹೊರಟುಹೋದನು.

ಕಾಗದವನ್ನು ಮಡಿಸದೆ, ಪುಸ್ತಕವೊಂದರ ನಡುವೆ ಇಟ್ಟು ಬ್ಯಾಗಿಗೆ ಹಾಕಿಕೊಂಡಳು.